ಮಾಣಿಗೆ ಮಾತೂ ಕಡಿಮೆ, ಮಾರ್ಕ್ಸೂ ಕಡಿಮೆ: ಅನುಭವ ಇದ್ದವರು ಹೇಳಿ

ಕೇಳಿದವರು: ಶಿರಸಿ ಕಡೆಯ ತಾಯಿ

ಮಗ ಕುಮಟಾದಲ್ಲಿ ಬಿಎಸ್ಸಿ ಎರಡನೇ ವರ್ಷ ಓದುತ್ತಿದ್ದಾನೆ. ರೂಮು ಮಾಡಿಕೊಂಡು ಒಬ್ಬನೇ ಇದ್ದಾನೆ. ಪಿಯುಸಿಯಲ್ಲಿ ಶೇಕಡಾ 88 ತೆಗೆದವನಿಗೆ ಈಗ ಎರಡು ವಿಷಯ ಬ್ಯಾಕ್. ಚಿಕ್ಕಂದಿನಿಂದಲೂ ಮಾತು ಕಡಿಮೆ. ಇವನ ತಂಗಿ ಬಾಯಿಬಡುಕಿ, ಅವಳದ್ದು ಓದೂ ಚೆನ್ನಾಗಿದೆ. ಮೊಬೈಲಿನಲ್ಲಿ ಯಾವುದೋ ಪರ್ಸನಾಲಿಟಿ ಟೆಸ್ಟ್ ಮಾಡಿದನಂತೆ, ‘ಇಂಟ್ರೋವರ್ಟ್’, ಅಂದರೆ ಅಂತರ್ಮುಖಿ, ಅಂತ ಬಂತಂತೆ. ಈಗ ಏನು ಕೇಳಿದರೂ ‘ನನ್ನ ಸ್ವಭಾವವೇ ಹೀಗೆ, ಏನ್ ಮಾಡ್ಲಿ’ ಅಂತಾನೆ. ಸ್ವಭಾವದಿಂದಲೇ ಮಾರ್ಕ್ಸ್ ಹೋಗುತ್ತಾ?

ಕಾರವಾರದಿಂದ, ನಿವೃತ್ತ ಕೆಮಿಸ್ಟ್ರಿ ಉಪನ್ಯಾಸಕ

ಅಕ್ಕಾ, ಮೊದಲು ಮಾತಿನ ವಿಷಯ ಬಿಟ್ಟುಬಿಡಿ. ಮನಶ್ಶಾಸ್ತ್ರದವರು ಸ್ವಭಾವವನ್ನು ಐದು ಗುಣಗಳಲ್ಲಿ ಅಳೆಯುತ್ತಾರೆ. ಜನರ ಜೊತೆ ಬೆರೆಯುವುದು, ಹೊಂದಿಕೊಂಡು ಹೋಗುವುದು, ಹೊಸತರ ಕುತೂಹಲ, ಬೇಗ ಗಾಬರಿಯಾಗುವುದು, ಹಿಡಿದ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸುವುದು. 2009ರಲ್ಲಿ ಆರ್ಥರ್ ಪೊರೊಪಾಟ್ ಎಂಬ ಸಂಶೋಧಕ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದರು. ಅಂಕಗಳ ಜೊತೆ ಗಟ್ಟಿ ನಂಟು ಕಂಡಿದ್ದು ಆ ಕೊನೆಯ ಗುಣಕ್ಕೆ. ಬುದ್ಧಿಶಕ್ತಿಯ ಲೆಕ್ಕ ಬೇರೆ ತೆಗೆದಿಟ್ಟರೂ ಆ ನಂಟು ಉಳಿಯಿತು. ಮಾತುಗಾರಿಕೆಗೆ ಅಂಥದ್ದೇನೂ ಕಾಣಲಿಲ್ಲ. ಹಾಗಂತ ಅದೇ ಎಲ್ಲ ಅಲ್ಲ. ಅಂಕಗಳ ಏರುಪೇರಿನಲ್ಲಿ ಆ ಗುಣದ ಪಾಲು ನೂರಕ್ಕೆ ಐದರ ಆಸುಪಾಸು ಅಷ್ಟೇ.

ಲ್ಯಾಬಿನಲ್ಲಿ ನಾನು ಕಂಡಿದ್ದು ಹೇಳುತ್ತೇನೆ. ಟೈಟ್ರೇಶನ್ ಅಂದರೆ ಬ್ಯುರೆಟ್ಟೆಂಬ ಅಳತೆಯ ಕೊಳವೆಯಿಂದ ಫ್ಲಾಸ್ಕಿನ ದ್ರಾವಣಕ್ಕೆ ಇನ್ನೊಂದು ದ್ರಾವಣವನ್ನು ಹನಿಹನಿಯಾಗಿ ಬಿಡುವ ಪ್ರಯೋಗ. ತಿಳಿ ಗುಲಾಬಿ ಬಣ್ಣ ಬಂದ ಹನಿಗೇ ಅದರ ನಲ್ಲಿ ನಿಲ್ಲಿಸಬೇಕು. ಒಂದೆರಡು ಹನಿ ಜಾಸ್ತಿ ಬಿದ್ದರೆ ಬಣ್ಣ ರಾಚುತ್ತದೆ. ಆಗ ಹೆಚ್ಚಿನವರು ಪಕ್ಕದವನ ರೀಡಿಂಗ್ ಬರೆದುಕೊಂಡು ಮನೆಗೆ ಹೋಗುತ್ತಾರೆ. ಮೂಲೆ ಟೇಬಲಿನಲ್ಲಿ ಒಬ್ಬಳಿದ್ದಳು, ವರ್ಷವಿಡೀ ನನ್ನ ಹತ್ತಿರ ಹತ್ತು ಮಾತು ಆಡಿರಲಿಕ್ಕಿಲ್ಲ. ಫ್ಲಾಸ್ಕ್ ತೊಳೆದು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು. ಬಸ್ಸು ತಪ್ಪಿದರೂ ಸರಿ. ಪರೀಕ್ಷೆಯಲ್ಲಿ ಕ್ಲಾಸಿಗೇ ಫಸ್ಟ್ ಬಂದವಳು ಅವಳೇ. ನಿಮ್ಮ ಮಾಣಿ ಫ್ಲಾಸ್ಕ್ ತೊಳೆಯುತ್ತಾನಾ ಅಂತ ನೋಡಿ.

ಹೊನ್ನಾವರದಿಂದ, ಈಗ ಹುಬ್ಬಳ್ಳಿಯಲ್ಲಿ ಕೆಲಸ

ಸರ್ ಹೇಳಿದ್ದು ಸರಿ, ಆದರೆ ಆ ಗಾಬರಿಯ ಗುಣವನ್ನು ಅಷ್ಟು ಬೇಗ ದಾಟಿ ಹೋಗಬೇಡಿ. ನಾನು ಓದುತ್ತಿದ್ದೆ, ಚೆನ್ನಾಗೇ ಓದುತ್ತಿದ್ದೆ. ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಕೈ ಬೆವರಿ ಪೆನ್ನು ಜಾರುತ್ತಿತ್ತು. ಮೂರನೇ ಸೆಮಿಸ್ಟರಿನಲ್ಲಿ ಒಂದು ಪೇಪರಿಗೆ ಹೋಗಲೇ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ಮೂರು ತಾಸು ಕೂತು, ಮನೆಗೆ ಬಂದು ‘ಪೇಪರ್ ಸುಲಭ ಇತ್ತು’ ಅಂದೆ. ಅಪ್ಪ ಖುಷಿಯಲ್ಲಿ ಬಂಗಡೆ ತಂದಿದ್ದರು. ಆ ಊಟ ಗಂಟಲಲ್ಲಿ ಇಳಿದಿರಲಿಲ್ಲ.

ನನಗೆ ಕೆಲಸಕ್ಕೆ ಬಂದಿದ್ದು ಒಂದೇ ಉಪಾಯ. ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು, ಗಡಿಯಾರ ಎದುರಿಗಿಟ್ಟು, ಪರೀಕ್ಷೆ ಥರವೇ ಬರೆಯೋದು. ಆರನೇ ಏಳನೇ ಸಲಕ್ಕೆ ಕೈ ಬೆವರೋದು ಕಡಿಮೆಯಾಯ್ತು. ಕ್ಲಾಸಿನಲ್ಲಿ ಎದ್ದು ನಿಂತು ಕೇಳಲು ಆಗದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡುತ್ತಿದ್ದೆ. ಒಬ್ಬ ಮೇಡಂ ಬೇಜಾರಿಲ್ಲದೆ ಉತ್ತರ ಹೇಳುತ್ತಿದ್ದರು. ಅವನು ಸರಿಯಾಗಿ ಊಟ, ನಿದ್ದೆ ಮಾಡುತ್ತಿಲ್ಲ ಅಂತಾದರೆ ಮಾತ್ರ ಇಂಥ ಉಪಾಯ ನಂಬಿ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಅಂತ ಮಾನಸಿಕ ಆರೋಗ್ಯದ ಸಹಾಯವಾಣಿ ಇದೆ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಸಿದ್ದಾಪುರದಿಂದ, ಅಡಿಕೆ ತೋಟದವರು

ತಂಗೀ, ನನ್ನ ಮಗನನ್ನು ಊರೆಲ್ಲ ಸೋಮಾರಿ ಅಂತಿತ್ತು. ನಾನೂ ಅಂದಿದ್ದೇನೆ. ಪುಸ್ತಕ ಹಿಡಿದರೆ ಹತ್ತು ನಿಮಿಷಕ್ಕೆ ಆಕಳಿಕೆ. ಅದೇ ಹುಡುಗ ಅಡಿಕೆ ಸುಲಿತದ ಕಾಲದಲ್ಲಿ, ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತರೆ ರಾತ್ರಿ ಹನ್ನೊಂದಾದರೂ ಏಳುತ್ತಿರಲಿಲ್ಲ. ಯಾಕೆ ಅಂತ ನನಗೆ ತಡವಾಗಿ ಹೊಳೆಯಿತು. ಅಲ್ಲಿ ಸುತ್ತಲೂ ಎಂಟು ಜನ ಕೂತಿರುತ್ತಾರೆ, ಕಥೆ ನಡೆದಿರುತ್ತದೆ, ತನ್ನ ಪಾಲಿನ ಡಬ್ಬಿ ತುಂಬುವುದು ಕಣ್ಣಿಗೇ ಕಾಣುತ್ತದೆ. ರೂಮಿನಲ್ಲಿ ಒಬ್ಬನೇ ಕೂತವನಿಗೆ ಏನು ಕಾಣಬೇಕು? ಆಮೇಲೆ ಇಬ್ಬರು ಗೆಳೆಯರ ಜೊತೆ ದಿನಾ ಸಂಜೆ ಏಳಕ್ಕೆ ಒಂದೇ ಮೇಜಿಗೆ ಕೂರೋದು ಅಂತ ಮಾಡಿಕೊಂಡ. ಮಾತಿಲ್ಲ, ಸುಮ್ನೆ ಕೂತು ಓದೋದು. ಮೊದಲ ದರ್ಜೆ ಬರಲಿಲ್ಲ, ಪಾಸಾದ. ನನಗೆ ಅಷ್ಟು ಸಾಕಿತ್ತು.

ಇನ್ನೊಂದು. ಮಗನನ್ನು ಅವನ ತಂಗಿಯ ಜೊತೆ ಹೋಲಿಸಿ ಮಾತಾಡಬೇಡ. ನಾನು ಮಾಡಿದ ತಪ್ಪು ಅದು, ಇವತ್ತಿಗೂ ನನ್ನ ಮಗ ಮರೆತಿಲ್ಲ.

ಕಾರವಾರದಿಂದ, ಬಿಕಾಂ ಕೊನೇ ವರ್ಷ

ಆಂಟಿ, ಆ ಮೊಬೈಲ್ ಟೆಸ್ಟ್ ನಾನೂ ಮಾಡಿದ್ದೆ. ಪರೀಕ್ಷೆ ವಾರದಲ್ಲಿ ಇಂಟ್ರೋವರ್ಟ್ ಅಂತ ಬಂತು, ದೀಪಾವಳಿ ರಜೆಯಲ್ಲಿ ಎಕ್ಸ್‌ಟ್ರೋವರ್ಟ್ ಆಗಿದ್ದೆ!

ಕೇಳಿದವರು ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಫೋನ್ ಮಾಡಿದಾಗ ಮಾರ್ಕ್ಸ್ ಸುದ್ದಿ ಎತ್ತಲೇ ಇಲ್ಲ. ಲ್ಯಾಬಿನ ವಿಷಯ ಮಾತ್ರ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಪ್ರಯೋಗ ಎಲ್ಲಾ ತಾನೇ ಮಾಡಿದ್ದೇನೆ, ಆದರೆ ಎರಡು ತಿಂಗಳಿಂದ ರೆಕಾರ್ಡಿಗೆ ಸಹಿ ಮಾಡಿಸಿಲ್ಲ, ಈಗ ಸರ್ ಎದುರಿಗೆ ಹೋಗಲು ಹೆದರಿಕೆ ಅಂದ. ಪಕ್ಕದ ರೂಮಿನಲ್ಲಿ ಅಂಕೋಲೆಯ ಹುಡುಗ ಒಬ್ಬ ಇದ್ದಾನಂತೆ, ಅದೇ ಕ್ಲಾಸು. ಅವನನ್ನು ಜೊತೆಗೆ ಕರೆದುಕೊಂಡು ಹೋಗು ಅಂದಿದ್ದೇನೆ. ಶನಿವಾರ ಮನೆಗೆ ಬರುತ್ತಾನೆ. ಅಪ್ಪೆಮಿಡಿ ಉಪ್ಪಿನಕಾಯಿ ಎರಡು ಬಾಟಲಿ ತುಂಬಿಸಿ ಇಟ್ಟಿದ್ದೇನೆ, ಒಂದು ಆ ಹುಡುಗನಿಗೆ.