ಬಚ್ಚಲುಮನೆಯ ಚಾವಣಿ ಹಕ್ಕಳೆ ಏಳುತ್ತಿದೆ: ಪ್ಯಾನೆಲ್ ಹಾಕಿ ಮುಚ್ಚಬಹುದೇ?

ಪ್ರಶ್ನೆ (ಡೊಂಬಿವಿಲಿ ಪೂರ್ವ)

ಎಲ್ಲರಿಗೂ ನಮಸ್ಕಾರ. ನಾವಿರುವುದು 32 ವರ್ಷದ ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿ. ಕಳೆದ ದೀಪಾವಳಿಗೆ ಮುಂಚೆ ಬಚ್ಚಲುಮನೆಯ ಗೋಡೆಗೆ ಹೊಸ ಟೈಲ್ಸ್ ಹಾಕಿಸಿದಾಗ, ಚಾವಣಿಯನ್ನೂ ಸರಿಮಾಡಿಕೊಡುತ್ತೇನೆಂದ ಗುತ್ತಿಗೆದಾರರು ಹಳೆಯ ಬಣ್ಣವನ್ನು ಕೆರೆಯದೆ ಅದರ ಮೇಲೆಯೇ ಪಿಓಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಮೆತ್ತಿಸಿ, ಒಂದು ಕೈ ಡಿಸ್ಟೆಂಪರ್ ಹೊಡೆಸಿ ಹೋದರು. ದೀಪ ಹಾಕಿದರೆ ಕರಣೆಯ ಗೀರುಗಳು ಅಲೆಅಲೆಯಾಗಿ ಕಾಣುತ್ತವೆ. ಟೈಲ್ಸ್ ಮುಗಿದು ಚಾವಣಿ ಶುರುವಾಗುವಲ್ಲಿ ಬೆರಳು ತೂರುವಷ್ಟು ಸಂದು ಹಾಗೆಯೇ ಉಳಿದಿದೆ. ಈಗ ಬಣ್ಣವೂ ಏಳುತ್ತಿದೆ. ಮೊನ್ನೆ ಬೆಳಿಗ್ಗೆ ನಮ್ಮ ತಾಯಿಯವರ ಸ್ನಾನಕ್ಕೆಂದು ತುಂಬಿಸಿಟ್ಟ ಬಕೆಟ್ಟಿನಲ್ಲಿ ಉಗುರಿನಷ್ಟಗಲದ ಬಿಳಿ ಹಕ್ಕಳೆಗಳು ತೇಲುತ್ತಿದ್ದವು. ಮೇಲಿನ ಮನೆಯ ಪೈಪು ಇಳಿಯುವ ಮೂಲೆಯಲ್ಲಿ ಅಂಗೈಯಗಲದ ಕಂದು ಕಲೆಯೂ ಇದೆ. ಪಿವಿಸಿ ಪ್ಯಾನೆಲ್ ಹಾಕಿಸಿದರೆ ಎರಡೇ ದಿನದಲ್ಲಿ ಎಲ್ಲ ಮುಚ್ಚಿಹೋಗುತ್ತದೆ ಎನ್ನುತ್ತಾರೆ. ತಿಳಿದವರು ದಯವಿಟ್ಟು ಸಲಹೆ ಕೊಡಿ.

ಉತ್ತರ 1 (ಪುಣೆ)

ಸರ್, ದಯವಿಟ್ಟು ಈಗಲೇ ಪ್ಯಾನೆಲ್ ಹಾಕಿಸಬೇಡಿ. ಕಟ್ಟಡ ಕೆಲಸದ ಮೇಲ್ವಿಚಾರಣೆಯಲ್ಲಿ ಬಹಳ ವರ್ಷ ಕಳೆದವನಾಗಿ ಹೇಳುತ್ತಿದ್ದೇನೆ: ಪ್ಯಾನೆಲ್ಲಿನ ಹಿಂದೆ ಸ್ಲ್ಯಾಬು ನೆನೆಯುತ್ತಲೇ ಇರುತ್ತದೆ, ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟನ್ನು ಕೆಳಕ್ಕೆ ತಳ್ಳುತ್ತದೆ. ಇಷ್ಟೆಲ್ಲ ನಡೆದರೂ ನಿಮ್ಮ ಕಣ್ಣಿಗೆ ಏನೂ ಕಾಣುವುದಿಲ್ಲ.

ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ತಿಳಿಯಬೇಕು. ಕಲೆಯ ಹತ್ತಿರ ಒಂದಡಿ ಜಾಗದ ಪಿಓಪಿಯನ್ನು ಕೆರೆದು ತೆಗೆದು, ಒಣಬಟ್ಟೆಯಿಂದ ಒರೆಸಿ, ಪ್ಲಾಸ್ಟಿಕ್ ಹಾಳೆಯೊಂದನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಅಂಟಿಸಿ. ಒಂದೆರಡು ದಿನ ಬಿಟ್ಟು ನೋಡಿದಾಗ ಹನಿಗಳು ಹಾಳೆಯ ಕೆಳಮೈಯಲ್ಲಿದ್ದರೆ ಅದು ಸ್ನಾನದ ಹಬೆ. ಹಾಳೆಗೂ ಸ್ಲ್ಯಾಬಿಗೂ ನಡುವೆ ಇದ್ದರೆ ನೀರು ಮೇಲಿನಿಂದಲೇ ಇಳಿಯುತ್ತಿದೆ. ಆಗ ಮೇಲಿನ ಮನೆಯವರ ಒಪ್ಪಿಗೆ ಪಡೆದು, ಅವರ ಬಚ್ಚಲಿನ ನಹಾನಿ ಟ್ರ್ಯಾಪಿನ (ನೆಲದ ನೀರು ಹೊರಹೋಗುವ ಕಿಂಡಿಯ) ಬಾಯಿ ಮುಚ್ಚಿ, ಬಣ್ಣ ಕದಡಿದ ನೀರನ್ನು ಒಂದಂಗುಲದಷ್ಟು ಒಂದು ದಿನ ನಿಲ್ಲಿಸಿ. ನಿಂತ ನೀರೇ ಕೆಳಗಿಳಿದರೆ ನೆಲದ ವಾಟರ್‌ಪ್ರೂಫಿಂಗ್ ಹೋಗಿದೆ. ನಿಂತಾಗ ಇಳಿಯದೆ, ಟ್ರ್ಯಾಪು ಬಿಟ್ಟಾಗ ಮಾತ್ರ ಇಳಿದರೆ ಪೈಪಿನ ಜೋಡಣೆಯಲ್ಲಿ ದೋಷವಿದೆ ಎಂದುಕೊಳ್ಳಬಹುದು.

ಸೋರಿಕೆ ನಿಂತು ಸ್ಲ್ಯಾಬು ಒಣಗಿದ ಮೇಲೆಯೇ ಚಾವಣಿಯ ಕೆಲಸ. ಪಿಓಪಿ ಎಂದರೆ ಜಿಪ್ಸಮ್. ಪದೇ ಪದೇ ತೇವ ತಗುಲಿದರೆ ಅದು ಮೆತ್ತಗಾಗುತ್ತದೆ, ಆದ್ದರಿಂದ ಬಚ್ಚಲುಮನೆಗೆ ಅದು ತಕ್ಕುದಲ್ಲ. ಅದನ್ನು ಹಳೆಯ ಬಣ್ಣದ ಸಮೇತ ಪೂರ್ತಿ ಕೆರೆಸಿ. ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಬಂದಲ್ಲೆಲ್ಲ ಹಳೆಯ ಪ್ಲಾಸ್ಟರನ್ನೂ ಕೆಡವಿಸಿ. ಸರಳು ಕಂಡರೆ ತಂತಿ ಬ್ರಷ್ಷಿನಿಂದ ಹೊಳಪು ಬರುವವರೆಗೆ ಉಜ್ಜಿಸಿ, ತುಕ್ಕುನಿರೋಧಕ ಪ್ರೈಮರ್ ಹಚ್ಚಿಸಿ, ಪಾಲಿಮರ್ ಮಾರ್ಟರ್ (ಪಾಲಿಮರ್ ಬೆರೆಸಿದ ಸಿಮೆಂಟ್ ಗಾರೆ) ತುಂಬಿಸಬೇಕು. ಉಳಿದೆಡೆ ಸ್ಲ್ಯಾಬಿಗೆ ಚಾಣದಿಂದ ಕಚ್ಚು ಹೊಡೆಸಿ, ಬಾಂಡಿಂಗ್ ದ್ರಾವಣ ಬೆರೆಸಿದ ಸಿಮೆಂಟ್ ಹಾಲು ಬಳಿದು, ಅದು ಹಸಿಯಿರುವಾಗಲೇ 1:3 ಪ್ರಮಾಣದ (ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು) ಪ್ಲಾಸ್ಟರನ್ನು ಸುಮಾರು 6 ಮಿ.ಮೀ. ದಪ್ಪಕ್ಕೆ ಎಳೆಸಿ. ಮಟ್ಟ ಸರಿಯಾಗಲೆಂದು ಒಂದೇ ಸಲಕ್ಕೆ ದಪ್ಪ ಮೆತ್ತಿದರೆ ಅದು ತನ್ನ ಭಾರಕ್ಕೆ ತಾನೇ ಕಳಚಿಕೊಳ್ಳುತ್ತದೆ. ಏಳು ದಿನ ನೀರು ಚಿಮುಕಿಸಿ, ಮೂರು ನಾಲ್ಕು ವಾರ ಒಣಗಲು ಬಿಡಿ. ಕೆಲಸಗಾರರು ಅವಸರ ಮಾಡುವುದೇ ಇಲ್ಲಿ. ಆಮೇಲೆ ಬಿಳಿ ಸಿಮೆಂಟಿನ ಪುಟ್ಟಿ ಎರಡು ತೆಳು ಕೋಟು, ಪ್ರೈಮರ್, ತೇವ ತಡೆಯುವ ಅಕ್ರಿಲಿಕ್ ಬಣ್ಣ. ಟೈಲ್ಸ್ ಅಂಚಿನ ಸಂದಿಗೆ ಪಾಲಿಮರ್ ಮಾರ್ಟರ್ ತುಂಬಿ, ಮೇಲೆ ಬೂಷ್ಟುನಿರೋಧಕ ಸಿಲಿಕೋನ್ ಎಳೆದರೆ ಸಾಕು.

ಉತ್ತರ 2 (ಮುಲುಂಡ್)

ಮೇಲಿನವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ನಮ್ಮ ಸೊಸೈಟಿಯ ಸಮಿತಿಯಲ್ಲಿದ್ದಾಗ ಇಂಥ ದೂರುಗಳು ಮಳೆಗಾಲದಲ್ಲಿ ವಾರಕ್ಕೊಂದು ಬರುತ್ತಿದ್ದವು. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಉಪವಿಧಿಗಳ (ಬೈಲಾ) ಪ್ರಕಾರ ಟೆರೇಸಿನ ಸೋರಿಕೆ ಸೊಸೈಟಿಯ ಜವಾಬ್ದಾರಿ; ಮನೆಯೊಳಗಿನ ಶೌಚಾಲಯ, ಸಿಂಕು ಮುಂತಾದವುಗಳ ಸೋರಿಕೆಯ ಖರ್ಚು ಆಯಾ ಸದಸ್ಯರದು. ಆದರೂ ಮೊದಲು ಪತ್ರ ಬರೆಯಬೇಡಿ. ಮೇಲಿನವರನ್ನು ಮನೆಗೆ ಕರೆದು, ಚಹಾ ಕೊಟ್ಟು, ಆ ಕಲೆಯನ್ನು ಕಣ್ಣಾರೆ ತೋರಿಸಿ. ಕಟ್ಟಡ 30 ವರ್ಷ ದಾಟಿರುವುದರಿಂದ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ (ಕಟ್ಟಡದ ಗಟ್ಟಿತನದ ತಪಾಸಣೆ) ಮಾಡಿಸಬೇಕಾಗುತ್ತದೆ. ಸರಳು ಅಲ್ಲಲ್ಲಿ ಹೊರಬಿದ್ದಿದ್ದರೆ ಮೇಸ್ತ್ರಿಯ ಮಾತಿಗೆ ನಿಲ್ಲದೆ ಎಂಜಿನಿಯರನ್ನೇ ಕರೆಸಿ.

ಇನ್ನೊಂದು ಮಾತನ್ನು ಕಳಕಳಿಯಿಂದ ಹೇಳುತ್ತೇನೆ. ಬಚ್ಚಲೊಳಗೆ ಗ್ಯಾಸ್ ಗೀಸರ್ ಇದ್ದರೆ, ಯಾವ ಪ್ಯಾನೆಲ್ಲಿಗಾಗಿಯೂ ಗಾಳಿಕಿಂಡಿಯನ್ನು ಮುಚ್ಚಿಸಬೇಡಿ. ಗಾಳಿ ಸಾಲದೆ ಗ್ಯಾಸ್ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯಿಲ್ಲ. ಗೀಸರನ್ನು ಹೊರಗಿಡಿಸುವುದೇ ಸುರಕ್ಷಿತ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ನಮ್ಮದು ವಿದ್ಯುತ್ ಗೀಸರ್. ಹಾಳೆ ಅಂಟಿಸಿ ಎರಡು ದಿನ ಕಾದೆವು. ಹನಿಗಳು ಸ್ಲ್ಯಾಬಿನ ಕಡೆಗೇ ಇದ್ದವು. ಮೇಲಿನ ಮನೆಯ ಅಜ್ಜಿಯವರು ಸ್ವತಃ ಇಳಿದು ಬಂದು ನೋಡಿ, ಭಾನುವಾರ ಬಣ್ಣದ ನೀರು ನಿಲ್ಲಿಸಲು ಒಪ್ಪಿದರು. ಸೋಮವಾರದವರೆಗೆ ಏನೂ ಇಳಿಯಲಿಲ್ಲ. ಟ್ರ್ಯಾಪು ಬಿಟ್ಟ ಕಾಲು ಗಂಟೆಗೆ ಮೂಲೆಯಲ್ಲಿ ಕೆಂಪು ಹನಿ ಕಾಣಿಸಿತು. ಶನಿವಾರ ಪ್ಲಂಬರ್ ಬರುತ್ತಾರೆ. ಪ್ಯಾನೆಲ್ಲಿನವರಿಗೆ ಬೇಡವೆಂದು ಹೇಳಿದ್ದೇನೆ.