ಪಟ್ಟಣ ಪಂಚಾಯಿತಿಗೆ ನಿಲ್ಲಬೇಕು ಅಂತಿದ್ದೇನೆ, ನಿಂತವರು ಸ್ವಲ್ಪ ಹೇಳಿ

ನಮಸ್ಕಾರ. ಮಲೆನಾಡಿನ ಒಂದು ಸಣ್ಣ ಪೇಟೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಮುಂದಿನ ಪಟ್ಟಣ ಪಂಚಾಯಿತಿ ಚುನಾವಣೆಗೆ ನಮ್ಮ ವಾರ್ಡ್ ಸಾಮಾನ್ಯ ಮಹಿಳೆಗೆ ಬರಬಹುದು ಅಂತ ಮಾತಿದೆ. ಬೀದಿಯವರು ನೀವೇ ನಿಲ್ಲಿ ಅಂತಿದ್ದಾರೆ. ಮನೆಯಲ್ಲಿ ಬೇಡ ಅಂದಿಲ್ಲ, ಹೂಂ ಅಂತಲೂ ಅಂದಿಲ್ಲ. ನನಗೆ ರಾಜಕೀಯದ ಗಂಧಗಾಳಿ ಇಲ್ಲ. ಪಕ್ಷದಿಂದ ನಿಲ್ಲಬೇಕಾ, ಪಕ್ಷೇತರವಾಗಿಯಾ? ಖರ್ಚು ಎಷ್ಟು? ಗೆದ್ದರೆ ನಿಜಕ್ಕೂ ಏನಾದರೂ ಮಾಡಲು ಆಗುತ್ತಾ? ಅನುಭವ ಇದ್ದವರು ಹೇಳಿ.

ಹೊಸನಗರ ಕಡೆಯ ಮಾಜಿ ಸದಸ್ಯೆ:

ಅಕ್ಕ ಅನ್ನಲೋ ತಂಗಿ ಅನ್ನಲೋ ಗೊತ್ತಿಲ್ಲ, ತಂಗಿ ಅಂತಲೇ ಬರೆಯುತ್ತೇನೆ. ಮೊದಲು ಮೀಸಲಾತಿ ಪಟ್ಟಿ ಅಂತಿಮವಾಗಲಿ. ನಮ್ಮ ರಾಜ್ಯದಲ್ಲಿ ಅರ್ಧದಷ್ಟು ವಾರ್ಡ್ ಮಹಿಳೆಯರಿಗೆ ಇರುತ್ತೆ, ಆದರೆ ಯಾವ ವಾರ್ಡ್ ಅನ್ನೋದು ಸರದಿಯಲ್ಲಿ ಬದಲಾಗುತ್ತೆ. ಕರಡು ಬರುತ್ತೆ, ಆಕ್ಷೇಪಣೆ ಕರೀತಾರೆ, ಆಮೇಲೆ ಅಂತಿಮ ಪಟ್ಟಿ. ಕರಡು ನೋಡಿ ಬ್ಯಾನರ್ ಹೊಡೆಸಿದವರು ಆಮೇಲೆ ಅದನ್ನು ಸೌದೆ ಕೊಟ್ಟಿಗೆಗೆ ಹೊದೆಸಿದ್ದನ್ನು ಕಂಡಿದ್ದೇನೆ.

ಅಲ್ಲಿಯವರೆಗೆ ಸುಮ್ನೆ ಕೂರಬೇಡಿ. ಮತದಾರರ ಪಟ್ಟಿ ತಗೊಂಡು ಪೆನ್ಸಿಲ್ ಹಿಡಿದು ಕೂತುಕೊಳ್ಳಿ. ನಿಜವಾದ ಚುನಾವಣೆ ಅಲ್ಲೇ ಇರೋದು. ನಮ್ಮ ಪೇಟೆಗಳಲ್ಲಿ ಒಂದು ವಾರ್ಡ್ ಅಂದರೆ ಕೆಲವು ನೂರು ಮತ ಅಷ್ಟೇ. ತೀರಿಹೋದವರ ಹೆಸರು ಇರುತ್ತೆ, ಮದುವೆಯಾಗಿ ಬೇರೆ ಊರಿಗೆ ಹೋದ ಹುಡುಗಿಯರ ಹೆಸರು ಇರುತ್ತೆ, ಹದಿನೆಂಟು ತುಂಬಿದ ಹುಡುಗನ ಹೆಸರು ಮಾತ್ರ ಇರೋದಿಲ್ಲ. ಈ ಪಟ್ಟಿಯನ್ನು ವಿಧಾನಸಭೆಯ ಪಟ್ಟಿಯಿಂದಲೇ ವಾರ್ಡುವಾರು ಒಡೆದು ಮಾಡ್ತಾರೆ. ಹಾಗಾಗಿ ಒಂದೇ ಬೀದಿಯ ಎಡಗಡೆ ನಿಮ್ಮ ವಾರ್ಡ್‌ನಲ್ಲಿ, ಬಲಗಡೆಯ ಎರಡು ಮನೆ ಪಕ್ಕದ ವಾರ್ಡ್‌ನಲ್ಲಿ ಸೇರಿಬಿಟ್ಟಿರುತ್ತೆ. ಕರಡು ಪಟ್ಟಿ ಬಂದಾಗಲೇ ಆಕ್ಷೇಪಣೆ ಹಾಕಬೇಕು. ಮತದಾನದ ದಿನ ಜಗಳ ಮಾಡಿ ಏನೂ ಆಗೋದಿಲ್ಲ.

ಬೆಂಗಳೂರಲ್ಲಿ ಕೆಲಸ ಮಾಡುವ ಮಕ್ಕಳನ್ನು ಬೇರೆಯಾಗಿ ಗುರುತು ಹಾಕಿಕೊಳ್ಳಿ. ನಮ್ಮ ಕಡೆ ಮನೆಗೊಬ್ಬರಾದರೂ ಅಲ್ಲಿದ್ದಾರೆ. ಅವರು ರಾತ್ರಿ ಬಸ್ಸಿಗೆ ಬರ್ತಾರಾ ಇಲ್ಲವಾ ಅನ್ನೋದರ ಮೇಲೆ ಸಣ್ಣ ವಾರ್ಡ್ ಉಲ್ಟಾ ಆಗುತ್ತೆ. ಅವರಿಗೆ ನೀವು ಫೋನ್ ಮಾಡೋದಕ್ಕಿಂತ ಅವರ ಅಮ್ಮ ಮಾಡಿದರೆ ಬರೋದು ಖಾತ್ರಿ.

ಮನೆಮನೆಗೆ ಹೋಗೋದಕ್ಕೂ ಹೊತ್ತು ನೋಡಬೇಕು. ಅಡಿಕೆ ಕೊಯ್ಲಿನ ಕಾಲದಲ್ಲಿ ಹಗಲು ಬಾಗಿಲು ತಟ್ಟಿದರೆ ಅಜ್ಜಿ, ನಾಯಿ ಬಿಟ್ಟರೆ ಯಾರೂ ಇರೋದಿಲ್ಲ. ರಾತ್ರಿ ಸುಲಿಯುವ ಚಪ್ಪರಕ್ಕೆ ಹೋಗಿ. ವಾರ್ಡಿನ ಅರ್ಧ ಹೆಂಗಸರು ಅಲ್ಲೇ ಮೆಟ್ಟುಗತ್ತಿ ಮುಂದೆ ಕೂತಿರ್ತಾರೆ. ಭಾಷಣ ಬೇಡ, ನೀವೂ ಕೂತು ನಾಲ್ಕು ಅಡಿಕೆ ಸುಲಿಯಿರಿ, ಮಾತು ತಾನಾಗೇ ಬರುತ್ತೆ. ಚುನಾವಣೆ ಮಳೆಗಾಲದಲ್ಲಿ ಬಂದರೆ ಲೆಕ್ಕವೇ ಬೇರೆ. ಶಿವಮೊಗ್ಗ ಪಾಲಿಕೆಗೆ 2018ರಲ್ಲಿ ಆಗಸ್ಟ್ 31ಕ್ಕೆ ಮತದಾನ ಇತ್ತು, ನೆನಪಿರಬಹುದು. ಆಗುಂಬೆ ಕಡೆಯ ಮಳೆಯಲ್ಲಿ ಅಂಥ ದಿನಾಂಕ ಬಂದರೆ ಕರಪತ್ರ ಕೈಗೆ ಹೋಗುವಷ್ಟರಲ್ಲಿ ಮುದ್ದೆಯಾಗಿರುತ್ತೆ.

ನಿಮ್ಮದು ಟೈಲರಿಂಗ್ ಅಂಗಡಿ ಅಂದಿರಲ್ಲ, ಅದೇ ನಿಮ್ಮ ಬಲ. ವಾರ್ಡಿನ ಎಲ್ಲ ಜಾತಿಯ, ಎಲ್ಲ ಪಕ್ಷದ ಹೆಂಗಸರೂ ನಿಮ್ಮ ಮೆಟ್ಟಿಲು ಹತ್ತುತ್ತಾರೆ. ಆದರೆ ಹಬ್ಬಕ್ಕೆ ರವಿಕೆ ಕೊಡೋದು ತಡವಾಗಿದ್ದರೆ ಅದೂ ಲೆಕ್ಕಕ್ಕೆ ಬರುತ್ತೆ, ಹುಷಾರು!

ಇನ್ನೊಂದು ಮಾತು. ಬ್ಯಾನರಿನಲ್ಲಿ ನಿಮ್ಮ ಫೋಟೋಗಿಂತ ಯಜಮಾನರ ಫೋಟೋ ದೊಡ್ಡದಾಗಿರುವುದು ಬೇಡ. ಅಲ್ಲಿ ಬಿಟ್ಟುಕೊಟ್ಟರೆ ನಾಳೆ ಸಭೆಗೆ, ಸಹಿಗೆ, ಗುತ್ತಿಗೆದಾರರ ಹತ್ತಿರ ಮಾತಿಗೆ ಎಲ್ಲದಕ್ಕೂ ಅವರೇ ಹೋಗ್ತಾರೆ.

ತೀರ್ಥಹಳ್ಳಿ ಕಡೆಯವರು, ಪಕ್ಷೇತರರಾಗಿ ನಿಂತು ಸೋತವರು:

ಅಕ್ಕಾ, ಪಕ್ಷದ ಪ್ರಶ್ನೆಗೆ ನಾನು ಹೇಳ್ತೇನೆ. ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆ ಇಲ್ಲ, ಪಟ್ಟಣ ಪಂಚಾಯಿತಿಯಲ್ಲಿ ಇದೆ. ಈ ವ್ಯತ್ಯಾಸ ಕಾಗದದ ಮೇಲೆ ಸಣ್ಣದು, ಬೀದಿಯಲ್ಲಿ ದೊಡ್ಡದು. ಪಕ್ಷದವರ ಚಿಹ್ನೆ ಜನರಿಗೆ ಹುಟ್ಟಿದಾಗಿನಿಂದ ಗೊತ್ತು. ಪಕ್ಷೇತರರಿಗೆ ಚಿಹ್ನೆ ಸಿಗೋದೇ ನಾಮಪತ್ರ ವಾಪಸ್ ಪಡೆಯುವ ದಿನ ಮುಗಿದ ಮೇಲೆ. ಉಳಿದ ಕೆಲವೇ ದಿನಗಳಲ್ಲಿ ವಯಸ್ಸಾದವರಿಗೆ ಆ ಚಿತ್ರ ಮನದಟ್ಟು ಮಾಡಿಸಬೇಕು.

ಹಾಗಂತ ಪಕ್ಷದ ದಾರಿ ಸುಲಭ ಅಂತಲ್ಲ. ಬಿ ಫಾರಂ, ಅಂದರೆ ಇವರೇ ನಮ್ಮ ಅಭ್ಯರ್ಥಿ ಅಂತ ಪಕ್ಷ ಕೊಡುವ ಪತ್ರ, ಕೊನೆ ಗಳಿಗೆವರೆಗೂ ಯಾರ ಜೇಬಿನಲ್ಲಿದೆ ಅಂತ ಗೊತ್ತಾಗೋದಿಲ್ಲ. 'ನಿಮಗೇ' ಅಂತ ಭರವಸೆ ಕೊಟ್ಟು, ಬೆಳಗಾಗುವಷ್ಟರಲ್ಲಿ ಇನ್ನೊಬ್ಬರ ಕೈಗೆ ಹೋದ ಉದಾಹರಣೆ ಪ್ರತಿ ಪೇಟೆಯಲ್ಲೂ ಸಿಗುತ್ತೆ. ಟಿಕೆಟ್ ಸಿಗದವರು ಬಂಡಾಯ ನಿಲ್ತಾರೆ, ಮತ ಒಡೆಯುತ್ತೆ. ಈಗ ನೋಟಾ ಬೇರೆ ಇದೆ. ಹತ್ತಿಪ್ಪತ್ತು ಮತದಲ್ಲಿ ಫಲಿತಾಂಶ ಬರುವ ಜಾಗದಲ್ಲಿ ಬಂಡಾಯದವರು ಗೆಲ್ಲದಿದ್ದರೂ ಯಾರನ್ನು ಸೋಲಿಸಬೇಕು ಅನ್ನೋದನ್ನು ಅವರೇ ತೀರ್ಮಾನ ಮಾಡ್ತಾರೆ.

ನಮ್ಮ ಕಡೆ ಚುನಾವಣೆ ಮಾತು ಬಂದರೆ ಹಿರಿಯರು ಈಗಲೂ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರನ್ನು ನೆನೆಯುತ್ತಾರೆ. 1952ರಲ್ಲಿ ಸಾಗರ-ಹೊಸನಗರದಿಂದ ಗೆದ್ದವರು, ಚುನಾವಣೆ ಖರ್ಚಿಗೆ ಜನರ ಹತ್ತಿರವೇ ಒಂದು ವೋಟಿನ ಜೊತೆ ಒಂದು ನೋಟು ಕೇಳಿದವರು. ಈಗ ಕೊಡುವವರು, ತೆಗೆದುಕೊಳ್ಳುವವರು ಅದಲು ಬದಲಾಗಿದ್ದಾರೆ. ಮತದಾನದ ಹಿಂದಿನ ರಾತ್ರಿ ಏನು ನಡೆಯುತ್ತೆ ಅಂತ ನಿಮಗೂ ಗೊತ್ತು. ಕೊಡದೇ ಗೆದ್ದವರೂ ಇದ್ದಾರೆ ಅಕ್ಕಾ. ಅವರೆಲ್ಲ ಚುನಾವಣೆ ಬರುವ ಎಷ್ಟೋ ವರ್ಷ ಮೊದಲಿಂದ ಆಸ್ಪತ್ರೆ, ರೇಷನ್ ಕಾರ್ಡ್, ಪಿಂಚಣಿ ಅರ್ಜಿ ಅಂತ ಓಡಾಡಿದವರು. ನಿಮಗೆ ಆ ಹೆಸರಿದ್ದರೆ ಪಕ್ಷೇತರ ನಿಲ್ಲಿ. ಇಲ್ಲವಾದರೆ ಪಕ್ಷದ ಬಾಗಿಲು ತಟ್ಟಿ, ಅದರಲ್ಲಿ ನಾಚಿಕೆ ಏನೂ ಇಲ್ಲ.

ಸಾಗರದಿಂದ, ವಕೀಲರ ಕಚೇರಿಯಲ್ಲಿ ಕೆಲಸ ಮಾಡುವವರು:

ಮೇಡಂ, ನಾಮಪತ್ರದ ಬಗ್ಗೆ ಯಾರೂ ಬರೆದಿಲ್ಲ. 21 ವರ್ಷ ತುಂಬಿರಬೇಕು, ಪಟ್ಟಣದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಸೂಚಕರು, ಅಂದರೆ ನಿಮ್ಮ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವವರು, ನೀವು ನಿಲ್ಲುವ ವಾರ್ಡಿನವರೇ ಆಗಿರಲಿ. ಪಕ್ಕದ ವಾರ್ಡಿನ ಭಾವನನ್ನು ಕರೆದುಕೊಂಡು ಬಂದು ಪರಿಶೀಲನೆ ದಿನ ಪೆಚ್ಚು ಮೋರೆ ಹಾಕಬೇಡಿ. ಆಸ್ತಿ, ಸಾಲ, ಕೇಸು, ಓದು ಎಲ್ಲ ಪ್ರಮಾಣಪತ್ರದಲ್ಲಿ ಬರೆಯಬೇಕು. ಯಾವ ಕಾಲಂ ಕೂಡ ಖಾಲಿ ಬಿಡಬೇಡಿ, ಏನೂ ಇಲ್ಲದಿದ್ದರೆ 'ಇಲ್ಲ' ಅಂತ ಬರೆಯಿರಿ. ಮನೆ ಕಂದಾಯ, ನೀರಿನ ಬಿಲ್ ಬಾಕಿ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಪಂಚಾಯಿತಿಯ ಗುತ್ತಿಗೆ ಕೆಲಸದಲ್ಲಿ ನಿಮ್ಮ ಪಾಲು ಇದ್ದರೆ ಅನರ್ಹತೆ ಪ್ರಶ್ನೆ ಬರುತ್ತೆ. ಮನೆಯವರು ಗುತ್ತಿಗೆದಾರರಾಗಿದ್ದರೆ ಈಗಲೇ ವಕೀಲರನ್ನು ಕೇಳಿ.

ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಆ ದಿನ ಮೆರವಣಿಗೆ, ಡೊಳ್ಳು, ಹಾರದ ಗಲಾಟೆಯಲ್ಲಿ ಒಂದು ಸಹಿ ಬಿಟ್ಟುಹೋದರೆ ತಿದ್ದಲು ಹೊತ್ತು ಇರೋದಿಲ್ಲ.

ಶಿಕಾರಿಪುರ ಕಡೆಯವರು, ತಂದೆ ಪುರಸಭೆ ಸದಸ್ಯರಾಗಿದ್ದವರು:

ಗೆದ್ದರೆ ಏನು ಮಾಡಲು ಆಗುತ್ತೆ ಅಂತ ಕೇಳಿದ್ದೀರಿ. ಮನೆಯಲ್ಲಿ ಕೂತು ನೋಡಿದವನು ನಾನು. ಬೆಳಿಗ್ಗೆ ಆರಕ್ಕೇ ಫೋನ್. ನಲ್ಲಿಯಲ್ಲಿ ಕೆಂಪು ನೀರು, ಬೀದಿದೀಪ ಉರಿಯಲಿಲ್ಲ, ಚರಂಡಿ ಕಟ್ಟಿದೆ, ಧರೆ ಕುಸಿದು ರಸ್ತೆಗೆ ಬಂದಿದೆ. ಇದನ್ನೆಲ್ಲ ಮಾಡಿಸಬಹುದು, ವಾಲ್‌ಮನ್ ಮತ್ತು ಪೌರಕಾರ್ಮಿಕರ ಜೊತೆ ಒಳ್ಳೆಯ ಮಾತಿದ್ದರೆ ಇನ್ನೂ ಬೇಗ ಆಗುತ್ತೆ. ಅವರನ್ನು ಗದರಿಸಿ ಕೆಲಸ ತೆಗೆಯಲು ನೋಡಿದ ಸದಸ್ಯರ ವಾರ್ಡಿಗೆ ನೀರು ಬರುವುದೇ ಕೊನೆಗೆ.

ಆದರೆ ಹೊಸ ರಸ್ತೆ, ಹೊಸ ಮಾರುಕಟ್ಟೆ ಅಂತ ಮಾತು ಕೊಡಬೇಡಿ. ಕಡತ ಮುಖ್ಯಾಧಿಕಾರಿ ಕೈಯಲ್ಲಿ, ದೊಡ್ಡ ಅನುದಾನ ಮೇಲಿನಿಂದ ಬರಬೇಕು. ಹಣಕಾಸು ಆಯೋಗದ ದುಡ್ಡಿನಲ್ಲಿ ದೊಡ್ಡ ಪಾಲು ನೀರು, ಸ್ವಚ್ಛತೆಗೇ ಅಂತ ಕಟ್ಟುಪಾಡು ಇರುತ್ತೆ. ಸಭೆಯಲ್ಲಿ ಶಾಸಕರು, ಸಂಸದರಿಗೂ ಮತ ಇದೆ. ಅಧ್ಯಕ್ಷರ ಆಯ್ಕೆ ದಿನ ಬಲಾಬಲ ಸಮಸಮ ಇದ್ದಾಗ ಆ ಒಂದೊಂದು ಮತಕ್ಕೆ ಎಷ್ಟು ಬೆಲೆ ಅಂತ ಗೊತ್ತಾಗುತ್ತೆ. ಪಕ್ಷದಿಂದ ಗೆದ್ದು ವಿಪ್ (ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ) ಮೀರಿದರೆ ಸ್ಥಳೀಯ ಸಂಸ್ಥೆಗಳಿಗೂ 1987ರ ಪಕ್ಷಾಂತರ ನಿಷೇಧ ಕಾಯ್ದೆ ಇದೆ, ಸದಸ್ಯತ್ವವೇ ಹೋಗುತ್ತೆ.

ಗೆದ್ದ ಕೂಡಲೇ ಕುರ್ಚಿ ಅಂತಲೂ ಅಂದುಕೊಳ್ಳಬೇಡಿ. 2018ರಲ್ಲಿ ಚುನಾವಣೆ ನಡೆದ ಎಷ್ಟೋ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಲ್ಲಿ ಅಧ್ಯಕ್ಷ ಸ್ಥಾನದ ಮೀಸಲಾತಿ ಕೋರ್ಟಿಗೆ ಹೋಗಿ ಎರಡು ವರ್ಷ ಆಡಳಿತಾಧಿಕಾರಿಯೇ ನಡೆಸಿದರು. ಗೆದ್ದವರು ಹಾರ ಹಾಕಿಸಿಕೊಂಡು ಮನೆಗೆ ಬಂದರು, ಸಭೆ ಇಲ್ಲ. ಜನರಿಗೆ ಇದು ಅರ್ಥ ಆಗೋದಿಲ್ಲ, 'ಗೆದ್ದ ಮೇಲೆ ಮುಖ ತೋರಿಸಲಿಲ್ಲ' ಅಂತಾರೆ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಟ್ಟಿ ತರಿಸುತ್ತಿದ್ದೇನೆ. ಖರ್ಚಿನ ಬಗ್ಗೆ ಮಾತ್ರ ಯಾರೂ ಸರಿಯಾಗಿ ಹೇಳಲಿಲ್ಲ.

ಸಾಗರದಿಂದ, ವಕೀಲರ ಕಚೇರಿಯಲ್ಲಿ ಕೆಲಸ ಮಾಡುವವರು:

ಯಾರೂ ಹೇಳೋದಿಲ್ಲ ಮೇಡಂ! ಕಾನೂನಿನ ಲೆಕ್ಕ ಹೇಳ್ತೇನೆ. ಹಿಂದಿನ ಚುನಾವಣೆಗಳಲ್ಲಿ ಪಟ್ಟಣ ಪಂಚಾಯಿತಿ ಅಭ್ಯರ್ಥಿಗೆ ಚುನಾವಣಾ ಆಯೋಗ ಇಟ್ಟಿದ್ದ ಮಿತಿ 1 ಲಕ್ಷ ರೂಪಾಯಿ, ಪುರಸಭೆಗೆ ಒಂದೂವರೆ ಲಕ್ಷ. ಈ ಸಲದ್ದು ಅಧಿಸೂಚನೆಯಲ್ಲಿ ನೋಡಿಕೊಳ್ಳಿ. ಠೇವಣಿ ದೊಡ್ಡ ಮೊತ್ತ ಅಲ್ಲ, ಮಹಿಳೆಯರಿಗೆ ಇನ್ನೂ ಕಡಿಮೆ. ಕರಪತ್ರ, ಆಟೋ, ಮೈಕು, ಜೊತೆಗೆ ಓಡಾಡುವ ಹುಡುಗರ ಊಟ, ಚಹಾ ಇವೇ ಖರ್ಚು. ಅದರಲ್ಲಿ ಊಟ ಚಹಾದ್ದೇ ಜಾಸ್ತಿ. ಹೋಟೆಲಿನವರ ಹತ್ತಿರ ಮೊದಲೇ ಹೇಳಿ, ಚೀಟಿ ಇಲ್ಲದೆ ಯಾರಿಗೂ ಕೊಡಬೇಡಿ ಅಂತ. ಇಲ್ಲದಿದ್ದರೆ ಎದುರಾಳಿ ಕಡೆಯವರೂ ನಿಮ್ಮ ಹೆಸರಲ್ಲಿ ಮಸಾಲೆ ದೋಸೆ ತಿಂದು ಹೋಗ್ತಾರೆ.

ಮೊದಲ ದಿನದಿಂದಲೇ ಒಂದು ನೋಟ್‌ಬುಕ್ ಇಟ್ಟು ಬರೆಯಿರಿ, ಬಿಲ್ ಅಂಟಿಸಿ. ಗೆದ್ದರೂ ಸೋತರೂ ಫಲಿತಾಂಶ ಬಂದ 30 ದಿನದೊಳಗೆ ಖರ್ಚಿನ ಲೆಕ್ಕ ಒಪ್ಪಿಸಬೇಕು. ಸೋತವರು ಬೇಜಾರಲ್ಲಿ ಇದನ್ನು ಮರೀತಾರೆ, ಮುಂದಿನ ಸಲ ನಿಲ್ಲಲು ಹೋದಾಗ ಅನರ್ಹರ ಪಟ್ಟಿಯಲ್ಲಿ ಹೆಸರಿರುತ್ತೆ. ಲೆಕ್ಕ ಕೊಟ್ಟದ್ದಕ್ಕೆ ಸ್ವೀಕೃತಿ ಬರೆಸಿಕೊಂಡೇ ಬನ್ನಿ.