ಧಾರಾವಾಹಿಯ ನೋವಿನ ದೃಶ್ಯಗಳಿಗೆ ಮುನ್ಸೂಚನೆ ಬೇಕೆಂದು ಕೇಳುವುದು ಅತಿಯಾಯಿತೇ?

ಸಪ್ತಾಪುರದವಳು, ಧಾರವಾಡ:

ನಮ್ಮದು ಕೂಡು ಕುಟುಂಬ. ಸಂಜೆ ಏಳರಿಂದ ಹತ್ತರವರೆಗೆ ಪಡಸಾಲೆಯ ಟಿವಿ ಮುಂದೆ ಅತ್ತೆಯವರು, ನೆಗೆಣ್ಣಿ, ಮಕ್ಕಳು ಎಲ್ಲರೂ ಕೂಡಿರುತ್ತಾರೆ. ನೆಗೆಣ್ಣಿಗೆ ಏಳನೆಯ ತಿಂಗಳಲ್ಲಿ ಕೂಸು ಹೊಟ್ಟೆಯಲ್ಲಿಯೇ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಹೋದ ವಾರ ನಾವು ದಿನವೂ ನೋಡುವ ಧಾರಾವಾಹಿಯಲ್ಲಿ ಹೆರಿಗೆ ಕೋಣೆಯ ದೃಶ್ಯ ಬಂದಿತು. ಬಿಳಿ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ನರ್ಸ್ ತಾಯಿಯ ಕೈಗೆ ಕೊಡುವುದನ್ನು, ಹಿಂದೆ ಅಬ್ಬರದ ಸಂಗೀತ ಹಾಕಿ, ಅತ್ತಿತ್ತಲಿಂದ ಮತ್ತೆ ಮತ್ತೆ ತೋರಿಸಿದರು. ಆಕೆ ಏನೂ ಮಾತನಾಡದೆ ಎದ್ದು ಹಿತ್ತಲಿಗೆ ಹೋದಳು. ಆ ರಾತ್ರಿ ಊಟಕ್ಕೆ ಬರಲಿಲ್ಲ.

ನನಗೆ ವಿಚಿತ್ರವೆನಿಸಿದ್ದು ಇನ್ನೊಂದು. ಅದೇ ಸಂಚಿಕೆಯಲ್ಲಿ ಮಾವನ ಪಾತ್ರಧಾರಿ ಗ್ಲಾಸು ಎತ್ತಿದ ಕ್ಷಣವೇ ಮದ್ಯಪಾನ ಆರೋಗ್ಯಕ್ಕೆ ಹಾನಿಕರವೆಂಬ ಸಾಲು ಪರದೆಯ ಮೂಲೆಯಲ್ಲಿ ಮೂಡಿತು. ಆರಂಭದಲ್ಲಿ ಕಥೆ ಕಾಲ್ಪನಿಕವೆಂದೂ, ಯಾವ ಪ್ರಾಣಿಯನ್ನೂ ಹಿಂಸಿಸಿಲ್ಲವೆಂದೂ ಓದಲಾಗದ ವೇಗದಲ್ಲಿ ಅಕ್ಷರಗಳು ಓಡಿದ್ದವು. ತೀರಿಕೊಂಡ ಕೂಸಿನ ಬಗ್ಗೆ ಮಾತ್ರ ಒಂದು ಮಾತೂ ಇರಲಿಲ್ಲ. ಇಂಥ ಕಥೆಯನ್ನು ಹೇಳಬಾರದು, ದೃಶ್ಯವನ್ನು ಕತ್ತರಿಸಬೇಕು ಎಂಬುದು ನನ್ನ ವಾದವಲ್ಲ. ಬಾಳಿನಲ್ಲಿ ಇರುವುದೇ ಕಥೆಯಲ್ಲಿ ಬರುತ್ತದೆ. ಮೊದಲೇ ಒಂದು ಮಾತು ತಿಳಿಸಬೇಕೆಂಬ ನಿಯಮವೇನಾದರೂ ಇದೆಯೇ, ಇಲ್ಲದಿದ್ದರೆ ಯಾರನ್ನು ಕೇಳಬೇಕು ಎಂಬುದಷ್ಟೇ ನನ್ನ ಪ್ರಶ್ನೆ.

ವಕೀಲ, ವಿದ್ಯಾನಗರ, ಹುಬ್ಬಳ್ಳಿ:

ಅಕ್ಕಾವರೇ, ನೀವು ಕೇಳುವ ಬಗೆಯ ಮುನ್ಸೂಚನೆಯನ್ನು ಟಿವಿಗೆ ನೇರವಾಗಿ ಕಡ್ಡಾಯ ಮಾಡುವ ನಿಯಮ ನನ್ನ ಕಣ್ಣಿಗೆ ಬಿದ್ದಿಲ್ಲ. ಇರುವುದೆಲ್ಲ ಹೊತ್ತಿನ ಕಟ್ಟುಪಾಡು. 1995ರ ಕೇಬಲ್ ಟೆಲಿವಿಷನ್ ಜಾಲಗಳ ಕಾಯ್ದೆಯ ಕೆಳಗೆ ಕಾರ್ಯಕ್ರಮ ಸಂಹಿತೆಯೊಂದಿದೆ. ಮಕ್ಕಳು ಹೆಚ್ಚು ಸಂಖ್ಯೆಯಲ್ಲಿ ಟಿವಿ ನೋಡುವ ಹೊತ್ತಿನಲ್ಲಿ ಅವರಿಗೆ ತಕ್ಕುದಲ್ಲದ್ದನ್ನು ಪ್ರಸಾರ ಮಾಡಬಾರದೆಂದು ಅದು ಹೇಳುತ್ತದೆ. ವಾಹಿನಿಗಳ ಒಕ್ಕೂಟದ ಸ್ವನಿಯಂತ್ರಣ ಮಾರ್ಗಸೂಚಿಯೂ ಕಾರ್ಯಕ್ರಮಗಳನ್ನು ಸಾಮಾನ್ಯ ಮತ್ತು ನಿರ್ಬಂಧಿತ ಎಂದು ಎರಡಾಗಿ ವಿಂಗಡಿಸಿ, ನಿರ್ಬಂಧಿತವಾದುದನ್ನು ರಾತ್ರಿ 11ರಿಂದ ಬೆಳಗಿನ 5ರೊಳಗೆ ಇಡುತ್ತದೆ. ಸತ್ತ ಕೂಸಿಗಾಗಿ ಅಳುವ ತಾಯಿಯ ದೃಶ್ಯ ಇವುಗಳ ಕಣ್ಣಿನಲ್ಲಿ ಅಶ್ಲೀಲವೂ ಅಲ್ಲ, ಹಿಂಸೆಯೂ ಅಲ್ಲ. ಆದ್ದರಿಂದ ಅದು ಯಾವ ಬಲೆಗೂ ಬೀಳದೆ ಒಂಬತ್ತು ಗಂಟೆಗೆ ಮನೆಯೊಳಗೆ ಬರುತ್ತದೆ.

ಸೋಜಿಗವೆಂದರೆ, ಅದೇ ಧಾರಾವಾಹಿ ಆ್ಯಪ್‌ನಲ್ಲಿ ಬಂದಾಗ ಲೆಕ್ಕ ಬೇರೆಯಾಗುತ್ತದೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಒಟಿಟಿಯವರು ಯು, ಯು/ಎ 7+, 13+, 16+, ಎ ಎಂಬ ವಯೋಮಾನದ ವರ್ಗವನ್ನು ತೋರಿಸುವುದರ ಜೊತೆಗೆ, ಒಳಗೆ ಎಂಥ ವಿಷಯವಿದೆ ಎಂಬ ವಿವರಣೆಯನ್ನೂ ಆರಂಭದಲ್ಲಿಯೇ ಕೊಡಬೇಕು. ಒಬ್ಬರೇ ಕುಳಿತು ನೋಡುವ ಮೊಬೈಲಿಗೆ ಇರುವ ಈ ಸೌಜನ್ಯ ಮನೆಮಂದಿಯೆಲ್ಲ ನೋಡುವ ಪೆಟ್ಟಿಗೆಗೆ ಇಲ್ಲ.

ದೂರಿಗೆ ದಾರಿಯಿದೆ. 2021ರಲ್ಲಿ ಕೇಬಲ್ ನಿಯಮಗಳಿಗೆ ಸೇರಿಸಿದ ಮೂರು ಹಂತದ ವ್ಯವಸ್ಥೆಯಂತೆ ಮೊದಲು ವಾಹಿನಿಗೇ ಬರೆಯಬೇಕು. ಅವರು 24 ಗಂಟೆಯೊಳಗೆ ಸ್ವೀಕೃತಿ ನೀಡಿ, 15 ದಿನಗಳಲ್ಲಿ ಉತ್ತರ ಹೇಳಬೇಕು. ತೃಪ್ತಿಯಾಗದಿದ್ದರೆ ಆ ವಾಹಿನಿ ಸದಸ್ಯನಾಗಿರುವ ಸ್ವನಿಯಂತ್ರಣ ಸಂಸ್ಥೆಗೆ ಮೇಲ್ಮನವಿ ಸಲ್ಲಿಸಬಹುದು. ಮನರಂಜನಾ ವಾಹಿನಿಗಳಿಗೆ 2011ರಿಂದ ಪ್ರಸಾರ ವಿಷಯ ದೂರುಗಳ ಮಂಡಳಿ ಇದೆ.

ಸಂಭಾಷಣೆಕಾರ, ಬೆಟಗೇರಿ:

ಧಾರಾವಾಹಿಗಳಿಗೆ ಸಂಭಾಷಣೆ ಬರೆದು ಹೊಟ್ಟೆ ಹೊರೆಯುವವನು ನಾನು. ಆದ್ದರಿಂದ ಒಳಗಿನ ಮಾತು ಹೇಳುತ್ತೇನೆ. ಸಂಚಿಕೆಯ ಆರಂಭಕ್ಕೆ ಒಂದು ಸಾಲು ಹಾಕುವುದು ಕಷ್ಟವಲ್ಲ, ಎಡಿಟಿಂಗ್ ಮೇಜಿನಲ್ಲಿ ಎರಡು ನಿಮಿಷದ ಕೆಲಸ. ಆದರೆ ಅದರಿಂದ ನಿಮ್ಮ ನೆಗೆಣ್ಣಿಯವರಿಗೆ ಏನೂ ಆಗುತ್ತಿರಲಿಲ್ಲ. ಯಾವ ದೃಶ್ಯ ಅತಿ ಹೆಚ್ಚು ನೋಯಿಸುತ್ತದೆಯೋ ಅದನ್ನೇ ಕತ್ತರಿಸಿ ಪ್ರೋಮೋ ಮಾಡುತ್ತಾರೆ. ಆ ಪ್ರೋಮೋ ಮಧ್ಯಾಹ್ನದ ಅಡುಗೆ ಕಾರ್ಯಕ್ರಮದ ನಡುವೆಯೂ, ಸಂಜೆಯ ಇನ್ನೊಂದು ಧಾರಾವಾಹಿಯ ವಿರಾಮದಲ್ಲಿಯೂ ಬೀಳುತ್ತದೆ. ಮರುದಿನ ‘ಹಿಂದಿನ ಸಂಚಿಕೆಯಲ್ಲಿ’ ಎಂದು ಮತ್ತೊಮ್ಮೆ, ಮಧ್ಯಾಹ್ನದ ಮರುಪ್ರಸಾರದಲ್ಲಿ ಇನ್ನೊಮ್ಮೆ, ನಾಲ್ಕು ತಿಂಗಳ ನಂತರ ನಾಯಕಿಯ ನೆನಪಿನಲ್ಲಿ ಮಗದೊಮ್ಮೆ ಬರುತ್ತದೆ. ನಾವು ದೃಶ್ಯ ಬರೆಯುವವರು. ಪ್ರೋಮೋ ಕತ್ತರಿಸುವವರು ವಾಹಿನಿಯವರು, ಅಲ್ಲಿ ನಮ್ಮ ಮಾತು ನಡೆಯುವುದಿಲ್ಲ. ಸಂಚಿಕೆಗೆ ಮಾತ್ರ ಸೂಚನೆ ಕೇಳಿದರೆ ಸಂತೋಷದಿಂದ ಹಾಕಿ, ಪ್ರೋಮೋವನ್ನು ಹಾಗೆಯೇ ಓಡಿಸುತ್ತಾರೆ.

ಮೊದಲೇ ಹೇಳಿಬಿಟ್ಟರೆ ಕಥೆಯ ಗುಟ್ಟು ರಟ್ಟಾಗುತ್ತದೆ ಎಂಬ ವಾದವನ್ನು ನಮ್ಮವರು ಖಂಡಿತ ಎತ್ತುತ್ತಾರೆ. ಯಾರ ಕೂಸು ಎಂದು ಹೇಳಬೇಕಿಲ್ಲ, ‘ಶಿಶುಮರಣದ ಸನ್ನಿವೇಶವಿದೆ’ ಎಂದರೆ ಸಾಕು. ಅಲ್ಲದೆ ಪ್ರೋಮೋದಲ್ಲಿ ಊರಿಗೆಲ್ಲ ಸಾರಿದ ಮೇಲೆ ಗುಟ್ಟು ಎಂಬುದಾದರೂ ಎಲ್ಲಿ ಉಳಿಯಿತು?

ರಂಗಾಸಕ್ತ, ರಾಣೆಬೆನ್ನೂರು:

ನನಗೆ ಇದರಲ್ಲಿ ಒಂದು ಅನುಮಾನ. ಗದಗ, ಹುಬ್ಬಳ್ಳಿಗಳಲ್ಲಿ ಕ್ಯಾಂಪು ಹಾಕುತ್ತಿದ್ದ ವೃತ್ತಿ ನಾಟಕ ಕಂಪನಿಗಳ ಕರಪತ್ರಗಳನ್ನು ನೋಡಿದವರಿಗೆ ಗೊತ್ತು: ಕರುಳು ಹಿಂಡುವ ದೃಶ್ಯ, ಕಣ್ಣೀರಿನ ಕೋಡಿ ಎಂಬ ಸಾಲುಗಳು ಅಲ್ಲಿ ದಪ್ಪಕ್ಷರದಲ್ಲಿಯೇ ಇರುತ್ತಿದ್ದವು. ಅದು ಜನರನ್ನು ಸೆಳೆಯುವ ಮಾತೇ ಹೊರತು ಯಾರನ್ನೂ ಕಾಯುವ ಮಾತಾಗಿರಲಿಲ್ಲ. ಟಿಆರ್‌ಪಿಗಾಗಿ ಬದುಕುವ ವಾಹಿನಿಯ ಕೈಗೆ ನೀವು ‘ಮನಕಲಕುವ ದೃಶ್ಯಗಳಿವೆ’ ಎಂಬ ಸಾಲನ್ನು ಕೊಟ್ಟರೆ, ಅದಕ್ಕೊಂದು ಕೆಂಪು ಚೌಕಟ್ಟು, ನಡುಗುವ ಧ್ವನಿ ಸೇರಿಸಿ ಅದನ್ನೇ ಜಾಹೀರಾತು ಮಾಡಿಯಾರು. ಸೂಚನೆ ಬೇಡವೆನ್ನುವುದಿಲ್ಲ, ಸಪ್ಪೆಯಾಗಿರಲಿ, ವಿಷಯದ ಹೆಸರನ್ನಷ್ಟೇ ಹೇಳಲಿ, ಗುಣವಿಶೇಷಣಗಳಿಲ್ಲದಿರಲಿ.

ಆಪ್ತಸಮಾಲೋಚಕಿ, ಧಾರವಾಡ:

ರಾಣೆಬೆನ್ನೂರಿನವರ ಅನುಮಾನಕ್ಕೆ ಇನ್ನೊಂದು ಸಂಗತಿಯನ್ನು ಸೇರಿಸಬೇಕು. ಇಂಥ ಮುನ್ಸೂಚನೆಗಳ ಮೇಲೆ ನಡೆದ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೊಂದು 2023ರಲ್ಲಿ ಪ್ರಕಟವಾಯಿತು. ಸೂಚನೆ ಓದಿದವರಿಗೆ ದೃಶ್ಯ ಕಂಡಾಗ ಆಗುವ ಸಂಕಟ ಕಡಿಮೆಯಾಗಲಿಲ್ಲ, ಕಾಯುವ ಹೊತ್ತಿನ ಕಳವಳ ಮಾತ್ರ ತುಸು ಹೆಚ್ಚಿತು, ಜನ ಅದನ್ನು ನೋಡದೆ ಬಿಟ್ಟದ್ದೂ ಹೆಚ್ಚಲಿಲ್ಲ ಎಂಬುದು ಅದರ ಸಾರ. ಆದುದರಿಂದ ಮುನ್ಸೂಚನೆಯನ್ನು ಔಷಧವೆಂದು ತಿಳಿಯಬೇಡಿ. ಅದರ ಬೆಲೆ ಇರುವುದು, ನೋಡಬೇಕೋ ಬೇಡವೋ ಎಂಬ ತೀರ್ಮಾನ ನೋಡುವವರ ಕೈಯಲ್ಲಿ ನಿಜವಾಗಿಯೂ ಇರುವಾಗ ಮಾತ್ರ.

ಇಲ್ಲಿಯೇ ನಮ್ಮ ಮನೆಗಳ ಕಥೆ ಬೇರೆ. ರಿಮೋಟು ಅತ್ತೆಯವರ ಮಗ್ಗುಲಲ್ಲಿ ಇರುತ್ತದೆ. ಸಂಚಿಕೆ ಶುರುವಾಗುವ ಕ್ಷಣದಲ್ಲಿ ಸೂಚನೆ ಬಂದರೆ, ನೋವಿರುವ ಹೆಣ್ಣುಮಗಳು ಹತ್ತು ಜನರ ನಡುವೆ ಎದ್ದು ಹೋಗಬೇಕು. ಎದ್ದರೆ ಎಲ್ಲರ ಕಣ್ಣೂ ಆಕೆಯ ಮೇಲೆ, ‘ಯಾಕವ್ವಾ, ಏನಾತು’ ಎಂಬ ಪ್ರಶ್ನೆ ಬೇರೆ. ಮರೆಯಬೇಕೆಂದಿದ್ದ ಸಂಗತಿಯನ್ನು ಆಕೆಯ ಬಾಯಿಂದಲೇ ಹೇಳಿಸಿದಂತಾಗುತ್ತದೆ. ಕೂತರೂ ಕಷ್ಟ, ಎದ್ದರೂ ಕಷ್ಟ. ನನ್ನ ಮಟ್ಟಿಗೆ ಸೂಚನೆಗೆ ಸರಿಯಾದ ಜಾಗ ಹಿಂದಿನ ದಿನದ ಸಂಚಿಕೆಯ ಕೊನೆ. ‘ನಾಳೆಯ ಸಂಚಿಕೆಯಲ್ಲಿ ಶಿಶುಮರಣದ ಸನ್ನಿವೇಶವಿದೆ’ ಎಂದು ಒಂದು ದಿನ ಮೊದಲೇ ತಿಳಿದರೆ, ಆಕೆ ತವರಿಗೆ ಫೋನು ಮಾಡುವ ನೆಪದಲ್ಲಿಯೋ, ಗುಡಿಗೆ ಹೋಗುವ ನೆಪದಲ್ಲಿಯೋ ಆ ಹೊತ್ತನ್ನು ಯಾರಿಗೂ ತಿಳಿಯದಂತೆ ದಾಟಬಹುದು. ಜಾಹೀರಾತು ವಿರಾಮದ ನಂತರವೂ ಸೂಚನೆ ಮರಳಿ ಬರಬೇಕು, ಏಕೆಂದರೆ ಟಿವಿಯನ್ನು ಮೊದಲ ನಿಮಿಷದಿಂದ ನೋಡುವವರು ಕಡಿಮೆ.

ಆತ್ಮಹತ್ಯೆಯ ದೃಶ್ಯಗಳನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡಿ. ಅಲ್ಲಿ ಸೂಚನೆಯೊಂದೇ ಸಾಲದು. ನೆಟ್‌ಫ್ಲಿಕ್ಸ್ 2017ರಲ್ಲಿ ಬಿಡುಗಡೆ ಮಾಡಿದ ಸರಣಿಯೊಂದರಲ್ಲಿ ಹದಿಹರೆಯದ ಹುಡುಗಿಯ ಆತ್ಮಹತ್ಯೆಯನ್ನು ಬಿಡಿಬಿಡಿಯಾಗಿ ತೋರಿಸಿತ್ತು. ಎಚ್ಚರಿಕೆಗಳನ್ನು ಹೆಚ್ಚಿಸಿದರೂ ಆಕ್ಷೇಪ ನಿಲ್ಲದೆ, 2019ರ ಜುಲೈನಲ್ಲಿ ಆ ದೃಶ್ಯವನ್ನೇ ತೆಗೆಯಿತು. ವಿಧಾನವನ್ನು ತೋರಿಸದಿರುವುದೇ ಮೇಲೆಂದು ವಿಶ್ವ ಆರೋಗ್ಯ ಸಂಸ್ಥೆ ಚಿತ್ರ ತಯಾರಕರಿಗಾಗಿ ಅದೇ ವರ್ಷ ಪ್ರಕಟಿಸಿದ ಕೈಪಿಡಿಯೂ ಹೇಳುತ್ತದೆ. ಅಂಥ ಸಂಚಿಕೆಯ ಕೊನೆಗೆ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಓದಲು ಬರುವಷ್ಟು ಹೊತ್ತು ತೋರಿಸಲಿ.

ನಿಮ್ಮ ನೆಗೆಣ್ಣಿಯವರಿಗೆ ಊಟ, ನಿದ್ದೆ ಇನ್ನೂ ಸರಿಹೋಗಿರದಿದ್ದರೆ ಅದೇ ಸಂಖ್ಯೆಗೆ ಕರೆ ಮಾಡಿಸಿ, ಇಲ್ಲವೇ ಇಲ್ಲಿಯೇ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ. ಅದಕ್ಕೂ ಧಾರಾವಾಹಿಗೂ ಸಂಬಂಧ ಹಚ್ಚಬೇಕಾಗಿಲ್ಲ.

ಸಪ್ತಾಪುರದವಳು, ಧಾರವಾಡ:

ಎಲ್ಲರಿಗೂ ಧನ್ಯವಾದಗಳು. ಹಿಂದಿನ ದಿನವೇ ಸೂಚನೆ ಕೊಡುವ ಮಾತು ನನಗೆ ಹೊಳೆದಿರಲಿಲ್ಲ, ನಮ್ಮ ಮನೆಗೆ ಅದು ಸರಿಯಾಗಿ ಹೊಂದುತ್ತದೆ. ವಾಹಿನಿಗೆ ಹೀಗೆ ಬರೆಯಬೇಕೆಂದಿದ್ದೇನೆ: ದೃಶ್ಯದ ಬಗ್ಗೆ ನಮ್ಮ ತಕರಾರಿಲ್ಲ, ಹಿಂದಿನ ಸಂಚಿಕೆಯ ಕೊನೆಯಲ್ಲಿ ವಿಷಯದ ಹೆಸರು ಹೇಳುವ ಒಂದು ಸಾಲು, ಓದಲು ಸಾಕಾಗುವಷ್ಟು ಹೊತ್ತು, ಧ್ವನಿಯೊಂದಿಗೆ ಬರಬೇಕು. ಓದು ಬಾರದ ನಮ್ಮ ಅತ್ತೆಯವರಂಥವರಿಗೆ ಬರಿಯ ಅಕ್ಷರ ಇದ್ದೂ ಇಲ್ಲದಂತೆ. ಆ ದೃಶ್ಯವನ್ನು ಬೇರೆ ಕಾರ್ಯಕ್ರಮಗಳ ನಡುವಿನ ಪ್ರೋಮೋದಲ್ಲಿ ಬಳಸಬಾರದು ಎಂಬುದನ್ನೂ ಸೇರಿಸುತ್ತೇನೆ. ವಕೀಲರೇ, ದೂರಿನಲ್ಲಿ ಮನೆಯ ಸಂಗತಿಯನ್ನು ಬರೆಯಲೇಬೇಕೇ? ಆಕೆಯ ವಿಷಯ ಕಾಗದಕ್ಕೆ ಹೋಗುವುದು ನನಗೆ ಇಷ್ಟವಿಲ್ಲ.

ವಕೀಲ, ವಿದ್ಯಾನಗರ, ಹುಬ್ಬಳ್ಳಿ:

ಬರೆಯಬೇಕಿಲ್ಲ, ಅಕ್ಕಾವರೇ. ದೂರು ಇರುವುದು ಪ್ರಸಾರವಾದದ್ದರ ಬಗ್ಗೆಯೇ ಹೊರತು ನಿಮ್ಮ ಮನೆಯ ಬಗ್ಗೆ ಅಲ್ಲ. ವಾಹಿನಿಯ ಹೆಸರು, ಧಾರಾವಾಹಿ, ದಿನಾಂಕ, ದೃಶ್ಯ ಬಂದ ಹೊತ್ತು ಇಷ್ಟನ್ನು ಸ್ಪಷ್ಟವಾಗಿ ಬರೆಯಿರಿ. ಪ್ರೋಮೋ ಬಿದ್ದ ಹೊತ್ತನ್ನು ಬೇರೆಯಾಗಿ ಬರೆಯಿರಿ. ಸಂಜೆ ನಾಲ್ಕೈದು ಗಂಟೆಗೆ, ಮಕ್ಕಳು ಸಾಲಿಯಿಂದ ಬರುವ ಹೊತ್ತಿಗೆ ಬಿದ್ದಿದ್ದರೆ ಕಾರ್ಯಕ್ರಮ ಸಂಹಿತೆಯ ಮಾತು ನಿಮ್ಮ ಪರವಾಗಿ ನಿಲ್ಲುವುದು ಅಲ್ಲಿಯೇ.